ಟ್ರಾಲಿ ಕೊನೆಗೆ ಬರುವ ಸಾಲಿನಲ್ಲಿ ಕೂತು ನೋಡಿ

ವಿಮಾನದ ಊಟದ ಬಗ್ಗೆ ಬರೆಯುವವರು ಈಗ ತುಂಬಾ ಜನ. ತಟ್ಟೆಯ ಫೋಟೋ ಹಾಕುತ್ತಾರೆ. ರುಚಿಗೆ ಹತ್ತಕ್ಕೆ ಇಷ್ಟು, ಸೇವೆಗೆ ಇಷ್ಟು ಅಂತ ಅಂಕ ಕೊಡುತ್ತಾರೆ. ಹತ್ತು ಗಂಟೆಯ ಪ್ರಯಾಣಕ್ಕೆ ಅದು ಸರಿಯೇ. ಆದರೆ ಒಂದು, ಒಂದೂವರೆ ಗಂಟೆಯ ಹಾರಾಟವನ್ನೂ ಹಾಗೇ ಅಳೆದರೆ ಲೆಕ್ಕ ತಪ್ಪುತ್ತದೆ. ನಾನು ಯುರೋಪಿನಲ್ಲಿ ನೆಲೆಸಿ ಬಹಳ ಕಾಲವಾಯಿತು. ಕೆಲಸದ ಮೇಲೆ ಸಣ್ಣ ಹಾರಾಟಗಳೇ ಜಾಸ್ತಿ. ರಜೆಗೆ ಬಂದಾಗ ಭಾರತದೊಳಗೂ ಓಡಾಡುತ್ತೇನೆ. ಎರಡೂ ಕಡೆಯ ರೀತಿ ನೋಡಿ ನೋಡಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಸಣ್ಣ ಹಾರಾಟದ ಸೇವೆ ಹೇಗಿದೆ ಅಂತ ತಿಳಿಯಬೇಕಾದರೆ, ಟ್ರಾಲಿ ಎಲ್ಲರಿಗಿಂತ ಕೊನೆಗೆ ಬರುವ ಸಾಲಿನಲ್ಲಿ ಕೂತು ನೋಡಬೇಕು.

ಮೊದಲು ಗಡಿಯಾರದ ಲೆಕ್ಕ ನೋಡೋಣ. ಒಂದು ಗಂಟೆಯ ಹಾರಾಟ ಅಂದುಕೊಳ್ಳಿ. ಮೇಲೇರುವಾಗ ಸಿಬ್ಬಂದಿಯೂ ಬೆಲ್ಟ್ ಹಾಕಿಕೊಂಡು ಕೂತಿರಬೇಕು. ಇಳಿಯುವುದಕ್ಕೆ ಇನ್ನೂ ಸುಮಾರು ಹೊತ್ತಿರುವಾಗಲೇ ಟ್ರಾಲಿಗಳು ಒಳಗೆ ಹೋಗಿ ಬೀಗ ಬಿದ್ದಿರಬೇಕು. ನಡುವೆ ಉಳಿಯುವುದು ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಏರ್‌ಬಸ್ ಎ320 ವಿಮಾನದಲ್ಲಿ 180 ಸೀಟು ಇದ್ದರೆ ಸಾಮಾನ್ಯವಾಗಿ ಸಿಬ್ಬಂದಿ ನಾಲ್ವರು. 50 ಸೀಟಿಗೆ ಒಬ್ಬರಾದರೂ ಇರಬೇಕು ಎಂಬ ನಿಯಮದಿಂದ ಬಂದ ಸಂಖ್ಯೆ ಇದು. ಇಬ್ಬಿಬ್ಬರಿಗೆ ಒಂದು ಟ್ರಾಲಿ, ಒಂದು ಟ್ರಾಲಿಗೆ 90 ಜನ. ಭಾಗಿಸಿ ನೋಡಿ, ಒಬ್ಬ ಪ್ರಯಾಣಿಕನಿಗೆ ಸಿಗುವುದು 16, 17 ಸೆಕೆಂಡು. ಅಷ್ಟರಲ್ಲಿ ಏನು ಬೇಕು ಅಂತ ಕೇಳಬೇಕು, ತೆಗೆದು ಕೊಡಬೇಕು, ತಿಂಡಿ ಮಾರುವ ವಿಮಾನವಾದರೆ ಕಾರ್ಡ್ ಯಂತ್ರವನ್ನೂ ಹಿಡಿಯಬೇಕು. ಕಸ ಎತ್ತುವ ಸುತ್ತು ಬೇರೆ ಇದೆ.

ಆ ನಾಲ್ವರನ್ನು ಅಲ್ಲಿ ನಿಲ್ಲಿಸಿರುವುದು ಕಾಫಿ ಕೊಡಲಿಕ್ಕಲ್ಲ. ಅಪಾಯ ಬಂದಾಗ ಜನರನ್ನು ಹೊರಗೆ ಕಳಿಸಲಿಕ್ಕೆ. ಅರ್ಧ ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯಬಹುದು ಎಂದು ತೋರಿಸಿದ ಮೇಲೆಯೇ ಇಂಥ ವಿಮಾನಗಳಿಗೆ ಪರವಾನಗಿ ಸಿಗುತ್ತದೆ. ಊಟ ತಡವಾಯಿತು ಅಂತ ಸಿಬ್ಬಂದಿಯ ಮೇಲೆ ರೇಗುವವರು ಇದನ್ನು ನೆನಪಿಡಬೇಕು. ಇನ್ನೊಂದು ಸಂಗತಿ ಗಮನಿಸಿ. ಸಮನಾಗಿ ಹಾರುತ್ತಿದೆ ಅನ್ನಿಸುವಾಗಲೂ ವಿಮಾನದ ಮೂತಿ ಎರಡು ಮೂರು ಡಿಗ್ರಿ ಮೇಲಕ್ಕೇ ಇರುತ್ತದೆ. ಹಿಂದಿನಿಂದ ಮುಂದಕ್ಕೆ ಟ್ರಾಲಿ ತಳ್ಳುವವರು ಏರು ಹತ್ತುತ್ತಿರುತ್ತಾರೆ. ತುಂಬಿದ ದೊಡ್ಡ ಟ್ರಾಲಿ 80, 90 ಕಿಲೋ ತೂಗಬಹುದು. ಪ್ರತಿ ಎರಡು ಮೂರು ಸಾಲಿಗೊಮ್ಮೆ ಅವರು ಕಾಲಿನಿಂದ ಕೆಂಪು ಪೆಡಲ್ ಒತ್ತಿ ನಿಲ್ಲಿಸುತ್ತಾರೆ, ಹಸಿರು ಪೆಡಲ್ ಒತ್ತಿ ಬಿಡಿಸುತ್ತಾರೆ. ಕೆಳಗಿನ ಡ್ರಾಯರ್ ಎಳೆಯಲು ಇಕ್ಕಟ್ಟಿನಲ್ಲಿ ಮಂಡಿಯೂರುತ್ತಾರೆ. ಮೇಲೆ ಇಟ್ಟ ಬಿಸಿನೀರಿನ ಜಗ್ ಮೇಲೊಂದು ಕಣ್ಣು ಸದಾ ಇರುತ್ತದೆ. ಇಷ್ಟೆಲ್ಲದರ ನಡುವೆ ನಿಮ್ಮ ಮುಖ ನೋಡಿ ಮಾತಾಡಿದರೆ, ಅದಕ್ಕೇ ಅರ್ಧ ಅಂಕ ಕೊಡಬೇಕು.

ಇನ್ನು ರುಚಿ. ನೆಲದ ಮೇಲಿನ ನಾಲಿಗೆಯಿಂದ ಆಕಾಶದ ಊಟವನ್ನು ತೂಗುವುದು ಅನ್ಯಾಯ. ಕ್ಯಾಬಿನ್ನಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. ಗಾಳಿ ಒಣಗಿರುತ್ತದೆ, ಮೂಗು ಕಟ್ಟುತ್ತದೆ, ವಾಸನೆ ಹತ್ತುವುದಿಲ್ಲ. ಲುಫ್ತಾನ್ಸಾ ವಿಮಾನ ಕಂಪನಿಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಹಳೆಯ ವಿಮಾನದ ಭಾಗವೊಂದನ್ನು ಕಡಿಮೆ ಒತ್ತಡದ ಕೋಣೆಯಲ್ಲಿಟ್ಟು, ಜನರನ್ನು ಕೂರಿಸಿ ತಿನ್ನಿಸಿ ನೋಡಿದರು. 2010ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಉಪ್ಪು ಶೇಕಡಾ 20ರಿಂದ 30ರಷ್ಟು, ಸಿಹಿ ಶೇಕಡಾ 15ರಿಂದ 20ರಷ್ಟು ಕಡಿಮೆ ಅನ್ನಿಸುತ್ತದೆ. ಟೊಮ್ಯಾಟೊ ರಸ ಮಾತ್ರ ಮೇಲೆ ಹೆಚ್ಚು ರುಚಿಸುತ್ತದೆ. ಎಂಜಿನ್ನಿನ ಸದ್ದೂ ಸಿಹಿಯನ್ನು ಮಂಕು ಮಾಡುತ್ತದೆ ಅಂತ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಚಹಾದ ಬಗ್ಗೆ ದೂರುವವರಿಗೂ ಒಂದು ಮಾತು. 8,000 ಅಡಿಯ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಎಷ್ಟೇ ಒಳ್ಳೆಯ ಎಲೆ ಹಾಕಿದರೂ ಅಲ್ಲಿ ನೆಲದ ಮೇಲಿನ ಕಡಕ್ ಬರುವುದಿಲ್ಲ.

ಹಾಗಾಗಿ ಸಣ್ಣ ಹಾರಾಟದಲ್ಲಿ ಪೂರ್ತಿ ಬಿಸಿ ಊಟ ಕೊಡಲೇಬೇಕು ಎಂಬ ಹಟ ನನಗೆ ಒಪ್ಪಿಗೆಯಿಲ್ಲ. ಆ ಊಟ ನೆಲದ ಮೇಲೆ ಬೆಂದು, ತಣ್ಣಗಾಗಿ, ವಿಮಾನದ ಓವನ್ನಿನಲ್ಲಿ ಮತ್ತೆ ಸುಮಾರು 20 ನಿಮಿಷ ಬಿಸಿಯಾಗಬೇಕು. ಮುಂದಿನ ಸಾಲಿನವರು ಆರಾಮಾಗಿ ತಿನ್ನುತ್ತಾರೆ. ಕೊನೆಗೆ ಸಿಕ್ಕವರು ಸುಡುವ ಫಾಯಿಲ್ ಬಿಚ್ಚಿ, ಬೆರಳಿಗೆ ಉಫ್ ಅಂತ ಊದಿಕೊಂಡು, ಎರಡು ತುತ್ತು ಬಾಯಿಗೆ ಹಾಕುವಷ್ಟರಲ್ಲಿ ತಟ್ಟೆ ಕೇಳಿಕೊಂಡು ಸಿಬ್ಬಂದಿ ಬಂದುಬಿಡುತ್ತಾರೆ. ಒಬ್ಬರಿಗೆ ಊಟ, ಇನ್ನೊಬ್ಬರಿಗೆ ಧಾವಂತ.

ಯುರೋಪಿನವರು ಇದಕ್ಕೆ ಕಂಡುಕೊಂಡ ದಾರಿ ಮಾರಾಟ. ಹಾಗೆ ನೋಡಿದರೆ ಇದು ಹೊಸದೇನಲ್ಲ. 1919ರ ಅಕ್ಟೋಬರಿನಲ್ಲಿ ಹ್ಯಾಂಡ್ಲಿ ಪೇಜ್ ಕಂಪನಿ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹಾರುವವರಿಗೆ ಊಟದ ಡಬ್ಬಿ ಕೊಟ್ಟಿತ್ತು. ವಿಮಾನದ ಮೊದಲ ಊಟ ಅಂತ ಹೇಳುವುದು ಅದನ್ನೇ. ಅದು ತಣ್ಣಗಿನ ಡಬ್ಬಿ, ಬೆಲೆ ಮೂರು ಷಿಲಿಂಗ್, ಹಾರಾಟವೂ ಸಣ್ಣದೇ. ಬ್ರಿಟಿಷ್ ಏರ್‌ವೇಸ್ 2017ರಲ್ಲಿ ಹತ್ತಿರದ ಹಾರಾಟಗಳ ಸಾದಾ ದರ್ಜೆಯಲ್ಲಿ ತಿಂಡಿ ಮಾರಲು ಶುರು ಮಾಡಿತು. ಲುಫ್ತಾನ್ಸಾ 2021ರಲ್ಲಿ ಅದೇ ಹಾದಿ ಹಿಡಿಯಿತು, ಆದರೆ ಒಂದು ಬಾಟಲಿ ನೀರು ಮತ್ತು ಚಿಕ್ಕ ಚಾಕೊಲೇಟನ್ನು ಎಲ್ಲರಿಗೂ ಉಳಿಸಿತು. ರಯಾನ್‌ಏರ್‌ನಲ್ಲಿ ನೀರಿಗೂ ದುಡ್ಡು.

ಮಾರುವುದು ತಪ್ಪಲ್ಲ. ಹಸಿದವರು ಕೊಳ್ಳುತ್ತಾರೆ, ಉಳಿದವರ ಟಿಕೆಟ್ಟಿನ ಮೇಲೆ ಆ ಖರ್ಚು ಬೀಳುವುದಿಲ್ಲ, ತಿನ್ನದೆ ಎಸೆಯುವ ತಟ್ಟೆಗಳೂ ಕಡಿಮೆ. ಆದರೆ ಈ ಪದ್ಧತಿಯ ಹುಳುಕು ಕಾಣುವುದೂ ಟ್ರಾಲಿ ಕೊನೆಗೆ ಬರುವ ಸಾಲುಗಳಲ್ಲೇ. ಮಾರದೆ ಉಳಿದ ತಾಜಾ ತಿಂಡಿ ಕಸಕ್ಕೆ ಹೋಗುತ್ತದೆ ಅಂತ ಕಂಪನಿಗಳು ಕೈ ಬಿಗಿಹಿಡಿದು ತುಂಬಿಸುತ್ತವೆ. ಟ್ರಾಲಿ ನಮ್ಮ ಹತ್ತಿರ ಬರುವಾಗ ಚೀಸ್ ಸ್ಯಾಂಡ್‌ವಿಚ್ ಖಾಲಿ. ಉಳಿದದ್ದರಲ್ಲಿ ಮಾಂಸ. ಸಸ್ಯಾಹಾರಿ ಅಂದರೆ ಚಿಪ್ಸ್ ಪೊಟ್ಟಣ ತೋರಿಸುತ್ತಾರೆ. ದೂರದ ಹಾರಾಟಗಳಲ್ಲಿ ಮುಂಚೆ ಹೇಳಿದರೆ ಸಸ್ಯಾಹಾರಿ ಊಟ, ಜೈನ ಊಟ ಎಲ್ಲಾ ಸಿಗುತ್ತದೆ. ಹತ್ತಿರದ ಹಾರಾಟಗಳಲ್ಲಿ ಬಹಳಷ್ಟು ಕಡೆ ಆ ಸೌಲಭ್ಯವೇ ಇಲ್ಲ.

ಒಮ್ಮೆ ನನ್ನ ಪಕ್ಕದಲ್ಲಿ ಒಬ್ಬ ಹಿರಿಯ ಕನ್ನಡತಿ ಕೂತಿದ್ದರು. ಭಾರತದಿಂದ ರಾತ್ರಿಯಿಡೀ ಹಾರಿ ಬಂದು, ಮಗಳ ಊರಿಗೆ ಸಣ್ಣ ವಿಮಾನ ಹಿಡಿದಿದ್ದರು. ದೊಡ್ಡ ವಿಮಾನದಲ್ಲಿ ಕೇಳಿದಾಗಲೆಲ್ಲ ನೀರು ತಂದುಕೊಟ್ಟಿದ್ದರಂತೆ. ಈ ವಿಮಾನದಲ್ಲಿ ಎಲ್ಲವೂ ಮಾರಾಟ, ಅದೂ ಕಾರ್ಡ್ ಇದ್ದರೆ ಮಾತ್ರ. ಅವರ ಪರ್ಸಿನಲ್ಲಿ ಇದ್ದದ್ದು ಮಗಳು ಕಳಿಸಿದ್ದ ನೋಟುಗಳು. ಮೆನು ಕಾರ್ಡಿನ ಭಾಷೆ ಬಾರದು. ಸಿಬ್ಬಂದಿಯ ಹುಡುಗಿ ಏನೋ ಕೇಳಿದಳು, ಇವರು ತಲೆ ಅಲ್ಲಾಡಿಸಿದರು, ಟ್ರಾಲಿ ಮುಂದೆ ಹೋಯಿತು. ಆಮೇಲೆ ನನ್ನ ಕೈಲಿದ್ದ ಪುಸ್ತಕದ ಅಕ್ಷರ ನೋಡಿ, "ಬಾಯಾರಿಕೆ ಆಗ್ತಿದೆ, ಆದ್ರೆ ಇರಲಿ ಬಿಡಪ್ಪ" ಅಂದರು. ನಾನು ಬೆಲ್ ಒತ್ತಿ ಕರೆದು ನೀರು ಕೊಡಿಸಿದೆ. ಆ ಹುಡುಗಿ ತಪ್ಪು ಮಾಡಿರಲಿಲ್ಲ. ಅವಳ ಕೈಲಿ ಇದ್ದದ್ದು ಆ ಹದಿನಾರು ಸೆಕೆಂಡು. ತಪ್ಪು ಇರುವುದು, ನೀರನ್ನೂ ಸರಕಿನ ಪಟ್ಟಿಗೆ ಸೇರಿಸಿದ ಕಡೆ. ಅಷ್ಟು ಒಣಗಾಳಿಯಲ್ಲಿ ಜನರನ್ನು ಕೂರಿಸಿ, ನೀರಿಗೆ ಕಾರ್ಡ್ ಕೇಳುವುದನ್ನು ನಾನು ಯಾವತ್ತೂ ಒಪ್ಪಲಾರೆ. ಬ್ರಿಟಿಷ್ ಏರ್‌ವೇಸ್ ಕೋವಿಡ್ ಬಂದ ಮೇಲೆ ಸಣ್ಣ ಬಾಟಲಿ ನೀರು, ಒಂದು ಪೊಟ್ಟಣ ತಿನಿಸು ಮತ್ತೆ ಉಚಿತವಾಗಿ ಕೊಡಲು ಶುರು ಮಾಡಿತು. ಕೊಡಲು ಆಗುತ್ತದೆ, ಅಲ್ವಾ?

ನನಗೆ ಹೆಚ್ಚು ಹಿಡಿಸಿದ್ದು ಜಪಾನಿನವರ ರೀತಿ. ಅಲ್ಲಿಯ ದೊಡ್ಡ ಕಂಪನಿಗಳು ಒಳನಾಡಿನ ಹಾರಾಟದ ಸಾದಾ ದರ್ಜೆಯಲ್ಲಿ ಊಟದ ತಂಟೆಗೇ ಹೋಗುವುದಿಲ್ಲ. ಕುಡಿಯಲು ಏನಾದರೊಂದು ಕೊಡುತ್ತಾರೆ. ಜಪಾನ್ ಏರ್‌ಲೈನ್ಸ್‌ನಲ್ಲಿ ಹಣ್ಣಿನ ಪಾನೀಯ, ಚಹಾ ಇರುತ್ತದೆ, ಬಿಸಿ ಸೂಪೂ ಇರುತ್ತದೆ. ಕಾಗದದ ಲೋಟ, ಬಿಸಿಯದಕ್ಕೆ ಮುಚ್ಚಳ. ಕೊಡುವುದು ಪಾನೀಯ ಮಾತ್ರ ಆದ್ದರಿಂದ ಕೊನೆಯ ಸಾಲಿಗೂ ಅದೇ ಸಿಗುತ್ತದೆ. ಸೂಪ್ ಮಾಂಸದ್ದಾಗಿರಬಹುದು, ಕೇಳಿಕೊಳ್ಳಬೇಕು. ಆದರೆ ಅವಸರವಿಲ್ಲ, ಮುಗಿಯಿತು ಎಂಬ ಮಾತಿಲ್ಲ. ಟರ್ಕಿಶ್ ಏರ್‌ಲೈನ್ಸ್‌ನವರು ಒಂದು ಗಂಟೆಯ ಒಳನಾಡಿನ ಹಾರಾಟದಲ್ಲೂ ಸ್ಯಾಂಡ್‌ವಿಚ್ ಹಂಚುತ್ತಾರೆ. ಅವರ ವೇಗಕ್ಕೆ ಮೆಚ್ಚಬೇಕು. ಅಮೆರಿಕದಲ್ಲಿ ಪೊಟ್ಟಣದ ಕಾಲ. ಸೌತ್‌ವೆಸ್ಟ್ ಕಂಪನಿಯವರು ಬಹಳ ವರ್ಷ ಕಡಲೆಕಾಯಿ ಬೀಜ ಕೊಟ್ಟು, ಅಲರ್ಜಿ ಇರುವವರಿಗೆ ಅಪಾಯ ಅಂತ 2018ರಲ್ಲಿ ನಿಲ್ಲಿಸಿದರು. ಪೊಟ್ಟಣ ಎಷ್ಟೇ ಚಿಕ್ಕದಾದರೂ ಯೋಚಿಸಿ ಕೊಡಬೇಕಾದ ವಸ್ತು ಅದು.

ಭಾರತದ ವಿಷಯಕ್ಕೆ ಬಂದರೆ, ಇಲ್ಲಿ ಉಚಿತ ಊಟ, ಮಾರಾಟ ಎರಡೂ ರೀತಿ ಅಕ್ಕಪಕ್ಕ ಇವೆ. 2003ರವರೆಗೆ ಒಂದು ಗಂಟೆಯ ಹಾರಾಟಕ್ಕೂ ಬಿಸಿ ತಟ್ಟೆ ಕೊಡುವುದೇ ರೂಢಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಆ ವರ್ಷ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿ ಉಚಿತ ಊಟ ತೆಗೆದುಬಿಟ್ಟರು. ಬೇಕಾದವರು ಕೊಳ್ಳಲಿ, ಟಿಕೆಟ್ ಅಗ್ಗವಾಗಲಿ ಅಂತ. ಆಗ ಅದು ದೊಡ್ಡ ಬದಲಾವಣೆ. ಇವತ್ತು ದೇಶದಲ್ಲಿ ಹಾರುವ ಬಹುಪಾಲು ಜನ ಆ ಪದ್ಧತಿಯಲ್ಲೇ ಹಾರುತ್ತಾರೆ. ಒಬ್ಬ ಕನ್ನಡಿಗ ಹಾಕಿಕೊಟ್ಟ ದಾರಿ ಇದು ಅಂತ ನನಗೆ ಹೆಮ್ಮೆಯಿದೆ.

ಯುರೋಪಿಗಿಂತ ಭಾರತದ ಕಂಪನಿಗಳು ಎರಡು ವಿಷಯದಲ್ಲಿ ಮುಂದಿವೆ ಅಂತ ನನ್ನ ಅನಿಸಿಕೆ. ಒಂದು, ಸಸ್ಯಾಹಾರ ಯಾವಾಗಲೂ ಇರುತ್ತದೆ, ಅದಕ್ಕಾಗಿ ವಾದ ಮಾಡಬೇಕಾಗಿಲ್ಲ. ಎರಡು, ಟಿಕೆಟ್ ಜೊತೆಗೇ ತಿಂಡಿ ಕಾಯ್ದಿರಿಸುವ ರೂಢಿ ಚೆನ್ನಾಗಿ ಬೇರೂರಿದೆ. ಮುಂಚೆ ಹೇಳಿದವರದು ಎಷ್ಟನೇ ಸಾಲಾದರೂ ಅವರ ಪೊಟ್ಟಣ ಅವರಿಗೇ. ಕೊನೆ ಸಾಲಿನ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ಹಿಂದೆ ಬಿದ್ದಿರುವುದು ಬೆಳಕಿನ ವಿಷಯದಲ್ಲಿ. ಬೆಳಗಿನ ಜಾವದ ಹಾರಾಟದಲ್ಲೂ ದೀಪ ಪೂರ್ತಿ ಹಾಕಿ, ಒಂದರ ಮೇಲೊಂದು ಘೋಷಣೆ ಮಾಡಿ, ಮಲಗಿದವರನ್ನು ಎಬ್ಬಿಸಿ ಮಾರುವುದು ನೋಡಿದ್ದೇನೆ. ನಿದ್ದೆ ಮಾಡಲು ಬಿಡುವುದೂ ಒಂದು ಸೇವೆಯೇ.

ವಿಮರ್ಶೆ ಬರೆಯುವವರು ಮರೆಯುವ ಇನ್ನೊಂದು ವಿಷಯ ಹಸಿವಿನ ಗಡಿಯಾರ. ಹಾರಾಟ ಒಂದು ಗಂಟೆ ಇರಬಹುದು. ಆದರೆ ಬೆಳಿಗ್ಗೆ ಆರಕ್ಕೆ ಹಾರುವವರು ಮೂರಕ್ಕೆ ಎದ್ದಿರುತ್ತಾರೆ. ಅವರಿಗೆ ಅದು ಕನಿಷ್ಠ ನಾಲ್ಕು ಗಂಟೆಯ ಪ್ರಯಾಣ. ಮಧ್ಯಾಹ್ನ ಮೂರರ ವಿಮಾನದಲ್ಲಿ ಬಿಸ್ಕತ್ತು ಸಾಕು. ಬೆಳಿಗ್ಗೆ ಆರಕ್ಕೆ ಅದೇ ಬಿಸ್ಕತ್ತು ಸಾಲದು. ತಡವಾದರಂತೂ ಕೇಳುವುದೇ ಬೇಡ. ಪ್ರಯಾಣಿಕರ ಹಕ್ಕುಗಳ ಬಗ್ಗೆ ಇರುವ ಯುರೋಪಿನ 261ನೇ ನಿಯಮದಲ್ಲಿ 1,500 ಕಿಲೋಮೀಟರ್ ಒಳಗಿನ ಹಾರಾಟ ಎರಡು ಗಂಟೆ ಅಥವಾ ಜಾಸ್ತಿ ತಡವಾದರೆ ಊಟ, ಪಾನೀಯ ಕೊಡಲೇಬೇಕು. ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮವೂ ಎರಡೂವರೆ ಗಂಟೆಯೊಳಗಿನ ಹಾರಾಟಗಳಿಗೆ ಎರಡು ಗಂಟೆಯ ಗೆರೆಯನ್ನೇ ಹಾಕಿದೆ. ಎರಡೂ ಕಡೆ ಜನ ಇದನ್ನು ಕೇಳುವುದು ಕಡಿಮೆ. ಸುಮ್ನೆ ಕೂತಿರಬೇಡಿ, ಕೌಂಟರಿಗೆ ಹೋಗಿ ಕೇಳಿ.

ಆದ್ದರಿಂದ ಸಣ್ಣ ಹಾರಾಟದ ಬಗ್ಗೆ ಬರೆಯುವವರು ಮೊದಲು ಸೀಟಿನ ಸಾಲು ಬರೆಯಲಿ. ವಿಮಾನ ಎಷ್ಟು ಹೊತ್ತಿಗೆ ಹೊರಟಿತು, ಟ್ರಾಲಿ ಎಷ್ಟು ಹೊತ್ತಿಗೆ ಬಂತು ಅಂತ ಬರೆಯಲಿ. ಬಂದಾಗ ಏನು ಉಳಿದಿತ್ತು, ನೀರು ಕೇಳದೆ ಸಿಕ್ಕಿತೇ, ಕಾರ್ಡ್ ಇಲ್ಲದವರು ಏನು ಮಾಡಿದರು, ತಿನ್ನಲು ಎಷ್ಟು ನಿಮಿಷ ಸಿಕ್ಕಿತು, ಇವೆಲ್ಲ ಬರಲಿ. ಕೊನೆಗೆ ಬೇಕಾದರೆ ರುಚಿ. ಎರಡು ತುದಿಯಿಂದ ಟ್ರಾಲಿ ಹೊರಟರೆ ಕಾಯುವವರು ನಡುವಿನ ಸಾಲಿನವರು, ಅದನ್ನೂ ಗಮನಿಸಲಿ.

ಕಂಪನಿಗಳಿಗೂ ಇದು ಕಷ್ಟದ ಕೆಲಸವಲ್ಲ. ಅಮೆರಿಕನ್ ಏರ್‌ಲೈನ್ಸ್‌ನ ಮುಂಭಾಗದ ದುಬಾರಿ ದರ್ಜೆಯಲ್ಲಿ ಒಂದು ರೂಢಿ ಇತ್ತು. ಹಾರಾಟದ ಸಂಖ್ಯೆ ಸಮವಾಗಿದ್ದರೆ ಊಟದ ಆಯ್ಕೆಯನ್ನು ಮುಂದಿನಿಂದ ಕೇಳುತ್ತಾ ಬರುವುದು, ಬೆಸವಾಗಿದ್ದರೆ ಹಿಂದಿನಿಂದ. ದುಬಾರಿ ಸೀಟಿನವರಿಗೆ ಆಯ್ಕೆ ತಪ್ಪಬಾರದು ಅಂತ ಮಾಡಿಕೊಂಡ ಏರ್ಪಾಡು ಅದು. ಅದನ್ನೇ ಪರದೆಯ ಈಚೆಗೆ, ಸಾದಾ ದರ್ಜೆಗೂ ತಂದರೆ ಒಂದು ರೂಪಾಯಿಯೂ ಖರ್ಚಿಲ್ಲ. ಹೋಗುವಾಗ ಕಾದವರಿಗೆ ಬರುವಾಗಲಾದರೂ ಚೀಸ್ ಸ್ಯಾಂಡ್‌ವಿಚ್ ಸಿಗುತ್ತದೆ.