ಐದಕ್ಕೂ ಏಳಕ್ಕೂ ನಡುವೆ

ಈ ರವಿವಾರ ಕಾರವಾರದ ಸಂತೆಯಲ್ಲಿ ನನ್ನ ಮಾನ ಎಪ್ಪತ್ತು ರೂಪಾಯಿಗೆ ಹೋಯಿತು. ಒಂದು ಕಟ್ಟು ಬಸಳೆ, ಒಂದು ಮೊಗೆಕಾಯಿ. ಕೊರಳ ತುಂಬ ಮಣಿಸರ ತೊಟ್ಟ ಹಾಲಕ್ಕಿ ಸಮುದಾಯದ ಅಜ್ಜಿ ಎರಡನ್ನೂ ನನ್ನ ಚೀಲಕ್ಕೆ ಹಾಕಿಯಾಗಿತ್ತು. ಬುಟ್ಟಿಗೆ ಸಿಕ್ಕಿಸಿದ್ದ ರಟ್ಟಿಗೆ ಮೊಬೈಲ್ ಹಿಡಿದೆ, ಗುಪ್ತ ಸಂಖ್ಯೆ ಒತ್ತಿದೆ, ಚಕ್ರ ತಿರುಗಿತು, ಪರದೆ ಕೆಂಪಾಯಿತು. ಮತ್ತೊಮ್ಮೆ ಹಿಡಿದೆ. ಮತ್ತೊಮ್ಮೆ ಕೆಂಪು. ಹಿಂದೆ ನಿಂತಿದ್ದ ಪುಣ್ಯಾತ್ಮರೊಬ್ಬರು "ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ" ಎಂದರು. ನಾನೂ ಹೌದೆಂದು ತಲೆಯಾಡಿಸಿ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ನಡೆದದ್ದು ಇಷ್ಟು. ಬೆಳಗ್ಗೆ ನಾನು ಏಳುವಾಗ ಖಾತೆಯಲ್ಲಿ 3,741 ರೂಪಾಯಿ ಇತ್ತು. ಸ್ಕೂಟರಿನ ಕಂತು 3,140 ಹೋಯಿತು. ಅಂಗಡಿ ಸಾಲದ ಕಂತು 6,850 ರೂಪಾಯಿ ಬಂದು ಬಾಗಿಲು ಬಡಿದು, ಒಳಗೆ ಅಷ್ಟು ಇಲ್ಲವೆಂದು ತಿಳಿದು ವಾಪಸಾಯಿತು. ಹೀಗೆ ಬರಿಗೈಯಲ್ಲಿ ಹೋದ ಶ್ರಮಕ್ಕೆ 500 ರೂಪಾಯಿ, ಆ ಶ್ರಮದ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 590 ರೂಪಾಯಿಯನ್ನು ಬ್ಯಾಂಕು ಎತ್ತಿಕೊಂಡಿತು. ಉಳಿದದ್ದು 11 ರೂಪಾಯಿ. ಪುರೋಹಿತರಿಗೆ ದಕ್ಷಿಣೆ ಇಡಲು ಸರಿಯಾದ ಮೊತ್ತ, ಬಸಳೆಗೆ ಸಾಲದು.

ರವಿವಾರವಾದರೂ ಬಿಡಬಾರದೇ ಎಂದು ನೀವು ಕೇಳಬಹುದು. ಮೊದಲು ಬಿಡುತ್ತಿದ್ದರು. 2021ರ ಆಗಸ್ಟ್‌ನಿಂದ ಕಂತು ಎಳೆಯುವ ಯಂತ್ರಕ್ಕೆ ವಾರದ ರಜೆ ತಪ್ಪಿದೆ. ಬ್ಯಾಂಕಿನ ಬಾಗಿಲಿಗೆ ಬೀಗ ಬಿದ್ದಿರುವ ದಿನವೂ ನಮ್ಮ ಖಾತೆಯ ಬಾಗಿಲು ತೆರೆದೇ ಇರುತ್ತದೆ.

ಹಾಲಕ್ಕಿ ಅಜ್ಜಿ ಮಾತ್ರ ನನ್ನ ಮುಖ ನೋಡಿ, "ಬರುವ ವಾರ ಕೊಡಿ" ಎಂದು ಮುಂದಿನವರಿಗೆ ಹರಿವೆ ತೂಗತೊಡಗಿದಳು. ಹೆಸರು ಕೇಳಲಿಲ್ಲ, ಆಧಾರ್ ಕೇಳಲಿಲ್ಲ, ಸಿಬಿಲ್ ಅಂಕ ನೋಡಲಿಲ್ಲ. ಐದು ನಿಮಿಷದಲ್ಲಿ ನನಗೆ ಸಾಲ ಮಂಜೂರಾಗಿ, ಬಸಳೆಯ ರೂಪದಲ್ಲಿ ಕೈಗೂ ಬಂದಿತ್ತು.

ನನ್ನ ಕಷ್ಟದ ಮೂಲ ಬಡತನವಲ್ಲ, ಪಂಚಾಂಗ. ಸಂಬಳ ಬರುವುದು ಏಳನೇ ತಾರೀಕು, ಕಂತು ಹೋಗುವುದು ಐದನೇ ತಾರೀಕು. ನಡುವಿನ ಎರಡು ದಿನ ನಾನು ಸುಸ್ತಿದಾರಳು. ಉಳಿದ ದಿನಗಳಲ್ಲಿ ಗೌರವಸ್ಥೆ.

ಏಳಕ್ಕೆ ಬಂದ ದುಡ್ಡಿನಲ್ಲೇ ಮುಂದಿನ ಐದನೇ ತಾರೀಕಿಗೆ ತೆಗೆದಿಡಬೇಕು ಎಂದು ಬುದ್ಧಿವಂತರು ಹೇಳುತ್ತಾರೆ. ಇಟ್ಟು ನೋಡಿದ್ದೇನೆ. ಇಪ್ಪತ್ತೆಂಟು ದಿನ ಹತ್ತು ಸಾವಿರ ರೂಪಾಯಿ ಕಣ್ಣೆದುರು ಸುಮ್ಮನೆ ಕುಳಿತಿರುವ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಮುಗಿಯುತ್ತದೆ, ಮಿಕ್ಸರ್ ಸುಡುತ್ತದೆ, ಗಂಡನ ಕಡೆಯ ಮೂವರಿಗೆ ಮದುವೆ ನಿಶ್ಚಯವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವರಿಗೆ ನನ್ನ ಪ್ರಶ್ನೆ ಒಂದೇ: ಹಾಸಿಗೆಯನ್ನೇ ಕಂತಿನಲ್ಲಿ ತಂದ ಮೇಲೆ ಕಾಲು ಎಲ್ಲಿಯವರೆಗೆ ಚಾಚಬಹುದು?

ಶಿರಸಿಯಲ್ಲಿ ಇವರ ಮೊಬೈಲ್ ಅಂಗಡಿ ಮುಚ್ಚಿತು. ಅಂಗಡಿ ಹೋದರೂ ಅಂಗಡಿಯ ಸಾಲ ನಿಷ್ಠೆಯಿಂದ ಜೊತೆಗೆ ಉಳಿಯಿತು. ಅಷ್ಟರಲ್ಲಿ ನನಗೆ ಕಾರವಾರದ ಖಾಸಗಿ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರಲು ಇಷ್ಟೊಂದು ದುಡ್ಡು ಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಬಾಡಿಗೆ ಮನೆಯ ಮುಂಗಡ ನಲವತ್ತು ಸಾವಿರ. ಅದಕ್ಕಾಗಿ ನನ್ನ ಎರಡು ಪವನಿನ ಸರ ಶಿರಸಿಯ ಪತ್ತಿನ ಸಂಘಕ್ಕೆ ಹೋಗಿ ಕುಳಿತಿತು. ಜೂನ್ 17ಕ್ಕೆ ಸೇರಿದೆ. ಹದಿನೈದರ ನಂತರ ಸೇರಿದವರ ಸಂಬಳ ಮುಂದಿನ ತಿಂಗಳಿನದರ ಜೊತೆ ಎಂದರು. ಅಂದರೆ ಆಗಸ್ಟ್ 7. ಐವತ್ತೊಂದು ದಿನ.

ನಮ್ಮ ಪಕ್ಕದ ಮನೆಯವರು ಬೈತಖೋಲ್ ಬಂದರಿನಲ್ಲಿ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅವರಿಗೂ ಅರವತ್ತೊಂದು ದಿನ ಸಂಪಾದನೆ ಇಲ್ಲ. ಸಂಜೆ ಮಳೆ ನೋಡುತ್ತ ಎರಡೂ ಮನೆಯ ಮೆಟ್ಟಿಲುಗಳಲ್ಲಿ ನಾವು ಕುಳಿತಿರುತ್ತಿದ್ದೆವು. ಅವರು ಬಲೆ ಹೆಣೆಯುತ್ತಿದ್ದರು, ನಾನು ಲೆಕ್ಕ ಹೆಣೆಯುತ್ತಿದ್ದೆ. ಜುಲೈ ಕೊನೆಗೆ ಆ ಮನೆಯ ಕಾಕಿ ಕೇಳಿದರು: "ನಮ್ಮ ಬೋಟು ಒಂದನೇ ತಾರೀಕು ಇಳಿಯುತ್ತದೆ. ನಿನ್ನದು ಯಾವಾಗ?" ಅಂದಿನಿಂದ ನಮ್ಮಿಬ್ಬರ ನಡುವೆ ಸಂಬಳಕ್ಕೆ ಬೋಟು ಎಂದೇ ಹೆಸರು.

ಬೋಟು ಬಂತು. ತೆರೆದು ನೋಡಿದರೆ ಮೀನು ಕಡಿಮೆ. ಆಫರ್ ಪತ್ರದಲ್ಲಿ ಇದ್ದದ್ದು ತಿಂಗಳಿಗೆ 30,000. ಅದರಲ್ಲಿ ಕಚೇರಿ ನನ್ನ ಹೆಸರಿನಲ್ಲಿ ಕಟ್ಟುವ ಭವಿಷ್ಯನಿಧಿ 1,800 ಮೊದಲೇ ಸೇರಿತ್ತು. ನನ್ನ ಪಾಲಿನ 1,800 ಬೇರೆ. ವೃತ್ತಿ ತೆರಿಗೆ 200. ತಿಂಗಳೊಂದಕ್ಕೆ ಕೈಗೆ ಬಿದ್ದದ್ದು 26,200. ನಾನು ಅತ್ತೂ ಕರೆದೂ ಮುಗಿಸಿದ ಮೇಲೆ ಫೋನಿನಲ್ಲಿ ಮಾವ ಶಾಂತವಾಗಿ ಹೇಳಿದರು: "ಅವರು ಬರೆದುಕೊಟ್ಟದ್ದು ಹಸಿ ಅಡಿಕೆಯ ತೂಕ. ಕೈಗೆ ಬರುವುದು ಚಾಲಿಯ ತೂಕ. ಒಣಗಿದ ಮೇಲೆ ಇಳಿಯದೆ ಇರುತ್ತದೆಯೇ?" ಆಮೇಲೆ ಎಷ್ಟು ಹಣಕಾಸು ತಜ್ಞರ ವಿಡಿಯೋ ನೋಡಿದರೂ ಇಷ್ಟು ಸ್ಪಷ್ಟವಾದ ವಿವರಣೆ ಸಿಕ್ಕಿಲ್ಲ.

ಸಂಬಳವನ್ನು ಎರಡು ದಿನ ಮೊದಲು ಕೊಡಿ ಎಂದು ಕಚೇರಿಯ ಲೆಕ್ಕವಿಭಾಗದಲ್ಲಿ ಕೇಳಿದೆ. ಏಳನೇ ತಾರೀಕಿನೊಳಗೆ ಕೊಟ್ಟರೆ ಸಾಕು ಎಂದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ನಡೆದುಬಂದಿದೆ ಎಂದು ಉತ್ತರ ಬಂತು. ಒಳಗೆ ಎಂದರೆ ಮೂರೂ ಆಗಬಹುದಲ್ಲ ಎಂದದ್ದಕ್ಕೆ ಆ ಮನುಷ್ಯ ಕಂಪ್ಯೂಟರಿನತ್ತ ತಿರುಗಿದರು. ಊರಿಗೆ ಹೋಗುವ ಬಸ್ಸು ಅಂಕೋಲೆಯನ್ನು ದಾಟುವಾಗೆಲ್ಲ ನನಗೆ ನಾಚಿಕೆಯಾಗುತ್ತದೆ. 1930ರ ದಶಕದಲ್ಲಿ ಈ ಊರಿನವರು ಉಪ್ಪು ಮಾಡಿ, ಕರ ಕೊಡುವುದಿಲ್ಲ ಎಂದು ಬ್ರಿಟಿಷರ ಎದುರು ನಿಂತರು. ನಾನು 590 ರೂಪಾಯಿ ಯಾಕೆ ಎಂದು ಕೇಳಲು ಗ್ರಾಹಕ ಸೇವೆಗೆ ಫೋನು ಮಾಡಿ, ಕನ್ನಡಕ್ಕಾಗಿ ಎರಡನ್ನು ಒತ್ತಿ, ಹದಿನೇಳು ನಿಮಿಷ ಸಂಗೀತ ಕೇಳಿ ಇಟ್ಟುಬಿಟ್ಟೆ.

ಇನ್ನು ಮಾವನ ತಂತಿಯ ವಿಷಯಕ್ಕೆ ಬರಬೇಕು.

ಶಿರಸಿಯ ಕಡೆಯ ನಮ್ಮ ಮನೆಯ ಜಗಲಿಯಲ್ಲಿ, ತೊಲೆಯಿಂದ ಒಂದು ತಂತಿ ಇಳಿಬಿದ್ದಿದೆ. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ನಡುವಿನ ಎರಡು ಅಡಿಯಲ್ಲಿ ಆ ಮನೆಯ ನಲವತ್ತು ವರ್ಷದ ಚರಿತ್ರೆ ಚುಚ್ಚಿಸಿಕೊಂಡು ನಿಂತಿದೆ: ಗೊಬ್ಬರದ ಚೀಟಿ, ಮೈಲುತುತ್ತ ಮತ್ತು ಸುಣ್ಣದ ಚೀಟಿ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಕೊಟ್ಟ ಕೂಲಿ, ಬೆಳೆಸಾಲದ ರಶೀದಿ. ಕೆಳಗಿನವು ಹೊಗೆಗೆ ಕಂದಿ ಬೆಟ್ಟೆ ಅಡಿಕೆಯ ಬಣ್ಣಕ್ಕೆ ತಿರುಗಿವೆ. ಚುಚ್ಚಿದ ಚೀಟಿಯ ಲೆಕ್ಕ ಮುಗಿಯಿತು ಎಂಬುದು ಮಾವನ ಸಿದ್ಧಾಂತ. ಆ ಮನೆಯಲ್ಲಿ ಸಾಲ ವರ್ಷಕ್ಕೊಮ್ಮೆ ಬರುವ ನೆಂಟ. ಅಡಿಕೆ ಮಾರಿದ ಮೇಲೆ, ಮಾರ್ಚ್ ಅಖೇರಿಗೆ ಮೊದಲು, ಕೈತುಂಬ ಕೊಟ್ಟು ಕಳಿಸಿಕೊಡುವುದು. ತಿಂಗಳಿಗೊಮ್ಮೆ ಬರುವ ಸಾಲವನ್ನು ಅವರು ಕಂಡಿರಲಿಲ್ಲ.

ಹೊಸ ಕೆಲಸಕ್ಕೆ ಸೇರಿದವರಿಗೆ ಲೋಕವೆಲ್ಲ ಪೆನ್ನು ಕೊಡುತ್ತದೆ. ಮಾವ ನನಗೆ ತಂತಿ ಕೊಟ್ಟರು. ತಾವೇ ಬಗ್ಗಿಸಿ, ಹಳೆಯ ಮಂಚದ ಕಾಲಿನಿಂದ ಬಿಲ್ಲೆ ಕೊಯ್ದು ಮಾಡಿದ್ದು. ಅದಕ್ಕೆ ಮೊದಲು ಏರಿದ್ದು ನಾನು ಕಾರವಾರಕ್ಕೆ ಬಂದ ಬಸ್ಸಿನ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ನನ್ನ ಹೆಸರಿನಲ್ಲಿ ಬಾಕಿ ಇಲ್ಲದ ಏಕೈಕ ಕಾಗದ ಅದು. ಎರಡನೆಯದು ಏರಲೇ ಇಲ್ಲ. ಕಂತಿಗೆ ರಶೀದಿ ಎಲ್ಲಿದೆ? ಬರುವುದು ಮೊಬೈಲ್ ಸಂದೇಶ. "ಹಾಗಾದರೆ ಅದನ್ನು ಚುಚ್ಚುವುದು ಹೇಗೆ?" ಎಂದು ಮಾವ ನಿಜವಾದ ಆತಂಕದಿಂದ ಕೇಳಿದರು.

ಪರಿಹಾರವನ್ನೂ ಅವರೇ ಕಂಡುಕೊಂಡರು. ಈಗ ಪ್ರತಿ ತಿಂಗಳು ಐದನೇ ತಾರೀಕು ಸಂಜೆ ಏಳಕ್ಕೆ, ಅಂಗಳದ ತುಳಸಿಕಟ್ಟೆಯಿಂದ ನಾಲ್ಕು ಹೆಜ್ಜೆ ಪಶ್ಚಿಮಕ್ಕೆ ನಿಂತು (ಊರಿನಲ್ಲಿ ನೆಟ್‌ವರ್ಕ್ ಸಿಗುವ ಜಾಗ ಅದೊಂದೇ) ಫೋನು ಮಾಡುತ್ತಾರೆ. ನಾನು ಸಂದೇಶ ಓದಬೇಕು. ಅವರು ಹರಿದ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದುಕೊಳ್ಳುತ್ತಾರೆ. ಆಮೇಲೆ ಚುಚ್ಚುತ್ತಾರೆ.

"ಪ್ರಿಯ ಗ್ರಾಹಕರೇ" ಎಂದು ಓದಿದೆ ಮೊದಲ ಸಲ.

"ಪ್ರಿಯ ಎಂದು ಬರೆದಿದ್ದಾರೆಯೇ?"

"ಹೌದು."

"ಇರಲಿ. ಮುಂದೆ?"

"ನಿಮ್ಮ ಖಾತೆ ಎಕ್ಸ್ ಎಕ್ಸ್ ಎಕ್ಸ್..."

"ಹಾಗೆಂದರೆ?"

"ಖಾತೆಯ ಸಂಖ್ಯೆ ಮುಚ್ಚಿಟ್ಟಿದ್ದಾರೆ ಮಾವ."

"ನಮ್ಮ ಖಾತೆಯನ್ನು ನಮ್ಮಿಂದಲೇ?"

ನಾನು ಮುಂದೆ ಓದಿದೆ. ಕಂತು ಪಾವತಿಯಾಗಿಲ್ಲ, ಈಗಾಗಲೇ ಪಾವತಿಸಿದ್ದರೆ ಈ ಸಂದೇಶವನ್ನು ನಿರ್ಲಕ್ಷಿಸಿ. ಬರೆಯುವ ಸದ್ದು ನಿಂತಿತು. "ಕಟ್ಟಿದ್ದೇವೋ ಇಲ್ಲವೋ ಅವರಿಗೇ ಗೊತ್ತಿಲ್ಲವೇ? ಹಾಗಾದರೆ ಕಟ್ಟಿದ್ದೇವೆ ಎಂದೇ ಹೇಳು." ಇಷ್ಟು ಸಾಲದೆಂಬಂತೆ ಅದೇ ಹೊತ್ತಿಗೆ ಅದೇ ಬ್ಯಾಂಕಿನಿಂದ ಇನ್ನೊಂದು ಸಂದೇಶ: ನಿಮ್ಮ ಉತ್ತಮ ವ್ಯವಹಾರ ಮೆಚ್ಚಿ ಐದು ಲಕ್ಷ ರೂಪಾಯಿ ಸಾಲ ಮುಂಚಿತವಾಗಿಯೇ ಮಂಜೂರಾಗಿದೆ. ಇದು ಜಾಹೀರಾತು, ಬೇಡ ಎಂದರೂ ಮಾವ ಬಿಡಲಿಲ್ಲ. "ಬರೆದು ಕೊಟ್ಟಿದ್ದಾರಲ್ಲ, ಇರಲಿ." ಅದನ್ನೂ ಬರೆದುಕೊಂಡರು, ಅದನ್ನೂ ಚುಚ್ಚಿದರು.

ಮರುದಿನ ಎರಡೂ ಹಾಳೆಗಳನ್ನು ತಂತಿಯಿಂದ ಬಿಡಿಸಿ, ಅಂಗಿಯ ಕಿಸೆಗೆ ಹಾಕಿ, ಮೊದಲ ಬಸ್ಸಿಗೆ ಶಿರಸಿಗೆ ಹೋದರು. ನನಗೆ ತಿಳಿದದ್ದು ಸಂಜೆ. ಬ್ಯಾಂಕಿನ ಹುಡುಗನ ಮುಂದೆ ಹಾಳೆಗಳನ್ನು ಹರಡಿದ್ದಾರೆ. ನಡುವೆ ತೂತು, ಒಂದು ಮಗ್ಗುಲಲ್ಲಿ ಮಾವನ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ಅಮಾವಾಸ್ಯೆ. ಹುಡುಗ ಎರಡೂ ಕಡೆ ತಿರುಗಿಸಿ ನೋಡಿದನಂತೆ. "ಇದು ಏನು ಸರ್?" "ನೀವೇ ಕಳಿಸಿದ್ದು." ಆಮೇಲೆ ಮಾವನ ಪ್ರಶ್ನೆ: ಕೇಳದವರಿಗೆ ಐದು ಲಕ್ಷ ಕೊಡಲು ಸಿದ್ಧರಿರುವವರು, ಕೇಳಿದವರಿಗೆ ಎರಡು ದಿನ ಕೊಡಲು ಯಾಕೆ ಆಗುವುದಿಲ್ಲ?

ಹುಡುಗ ಒಳ್ಳೆಯವನು, ಚಹಾ ತರಿಸಿದ. ಕಂತಿನ ತಾರೀಕು ಬದಲಿಸಬಹುದು ಎಂದೂ ಹೇಳಿದ. ಆದರೆ ಆರು ತಿಂಗಳಲ್ಲಿ ಒಂದೂ ಕಂತು ತಪ್ಪಿರಬಾರದು.

"ತಪ್ಪದವರು ಯಾಕೆ ಬದಲಿಸುತ್ತಾರೆ?" ಎಂದು ಕೇಳಿದರಂತೆ ಮಾವ. ಹುಡುಗ ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿದನಂತೆ.

ಚೌತಿಗೆ ಊರಿಗೆ ಹೋದಾಗ ನಾನು ಆ ಹಳೆಯ ತಂತಿಯ ಧೂಳು ಹೊಡೆಯಲು ಕುಳಿತೆ. ಜಾಗ ಮುಗಿಯುತ್ತ ಬಂದಿತ್ತು. ಕ್ಯಾಲೆಂಡರ್ ಹಾಳೆಗಳು ದಪ್ಪ. ಕೆಳಗಿನ ಒಂದಿಷ್ಟನ್ನು ತೆಗೆದುಬಿಡೋಣವೆಂದು ಬಿಲ್ಲೆ ಸಡಿಲಿಸಿದಾಗ ಅಡಿಯಲ್ಲಿ ಬಂಗಾರದ ಅಡವಿನ ಚೀಟಿಯೊಂದು ಸಿಕ್ಕಿತು. ಅತ್ತೆಯ ಹೆಸರಿತ್ತು. ಎರಡೆಳೆ ಸರ, ಐದು ಪವನು. ಅತ್ತೆ ತೀರಿ ಒಂಬತ್ತು ವರ್ಷ. ಅವರ ಯಾವ ಫೋಟೋದಲ್ಲಿಯೂ ನಾನು ಎರಡೆಳೆ ಸರ ನೋಡಿಲ್ಲ. ಅದರ ಮೇಲಿನ ಚೀಟಿಗಳನ್ನು ಒಂದೊಂದಾಗಿ ಸರಿಸಿ ಬಿಡಿಸಿಕೊಂಡ ರಶೀದಿ ಹುಡುಕಿದೆ. ಗೊಬ್ಬರ, ಸುಣ್ಣ, ಇವರ ಹಾಸ್ಟೆಲ್ ಶುಲ್ಕ, ಮತ್ತೆ ಗೊಬ್ಬರ.

ಮಾವ ಹಿಂದೆ ಬಂದು ನಿಂತಿದ್ದರು. "ಅಡಿಕೆಗೆ ಕೊಳೆರೋಗ ಬಂದ ವರ್ಷ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನದನ್ನು ಇನ್ನೂ ಚುಚ್ಚಿಲ್ಲ. ಬಿಡಿಸಿದ ಮೇಲೆ ಚುಚ್ಚಿದರಾಯಿತು" ಎಂದರು. ನನ್ನ ಸರದ ಚೀಟಿ ಅವರ ಪಂಚಾಂಗದೊಳಗೆ ನಾಲ್ಕಾಗಿ ಮಡಿಸಿಕೊಂಡು ಕುಳಿತಿತ್ತು. ನಾನು ಬಿಲ್ಲೆಯನ್ನು ಮತ್ತೆ ಬಿಗಿದೆ. ಯಾವುದನ್ನೂ ತೆಗೆಯಲಿಲ್ಲ.

ಇವತ್ತು ಬಸಳೆ ಹೆಚ್ಚಿ ಒಲೆಗಿಟ್ಟು, ಹಾಲಕ್ಕಿ ಅಜ್ಜಿಯ ಎಪ್ಪತ್ತು ರೂಪಾಯಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರುವ ರವಿವಾರದ ಚೌಕದೊಳಗೆ ಬರೆದಿಟ್ಟೆ. ಪಕ್ಕದ ಮನೆಯ ಕಾಕಿ ಬಾಗಿಲಲ್ಲಿ ಇಣುಕಿ, "ಬೋಟು ನಾಡಿದ್ದು ತಾನೇ?" ಎಂದು ಕೇಳಿ ಹೋದರು. ಸರಿಯಾಗಿ ಏಳಕ್ಕೆ ಫೋನು ಬಂತು.

"ಹಣ ಹೋಯಿತೇ?"

"ಸ್ಕೂಟರಿನದು ಹೋಯಿತು. ಅಂಗಡಿಯದು ವಾಪಸು."

"ಮತ್ತೆ 590?"

"ಹೌದು."

"ಐದು ಲಕ್ಷದ್ದು ಬಂತೇ?"

"ಈ ಸಲ ಏಳು ಲಕ್ಷ ಮಾವ."

ಆ ಕಡೆಯಿಂದ ಸ್ವಲ್ಪ ಹೊತ್ತು ಜೀರುಂಡೆಯ ಸದ್ದಷ್ಟೇ ಕೇಳಿಸಿತು. "ತಡೆ, ನಿಧಾನ ಓದು" ಎಂದರು. "ಸೆಪ್ಟೆಂಬರಿನ ಹಾಳೆ ಹರಿಯುತ್ತಿದ್ದೇನೆ."