ನೋಟಕ್ಕೆ ಮೂರೇ ಅಂಕ

ನಮ್ಮ ಮನೆಯಲ್ಲಿ ಹುಳಿ ಬಂದದ್ದಕ್ಕೆ ಅಂಕ ಕೊಡುವ ಪದ್ಧತಿ ಇಲ್ಲ. ಬೈಗುಳ ಇದೆ. ರಾತ್ರಿ ಹಾಲನ್ನು ಫ್ರಿಜ್ಜಿಗಿಡಲು ಮರೆತದ್ದಕ್ಕೆ, ಸಾಂಬಾರಿನ ಪಾತ್ರೆಗೆ ಎಂಜಲು ಚಮಚ ಅದ್ದಿದ್ದಕ್ಕೆ, ಶುಕ್ರವಾರದ ಊಟದ ಡಬ್ಬಿಯನ್ನು ಸೋಮವಾರ ಬೆಳಿಗ್ಗೆ ತೆರೆದದ್ದಕ್ಕೆ, ಹೀಗೆ 31 ವರ್ಷಗಳಿಂದ ಹುಳಿಗೂ ನನಗೂ ಒಂದೇ ಬಗೆಯ ಸಂಬಂಧ. ಹಾಗಿರುವಾಗ ಬೆಲ್ಜಿಯಮ್ಮಿಗೆ ಹೋಗಿ ಬಂದ ಅಕ್ಕನ ಮಗ, "ಮಾವ, ಒಂದು ಹುಳಿ ಬಿಯರ್ ತಂದಿದ್ದೇನೆ. ನೀವು ರುಚಿ ನೋಡಿ ಅಂಕ ಕೊಡಬೇಕು" ಅಂದಾಗ, ಕೊನೆಗೂ ನನ್ನ ಅನುಭವಕ್ಕೆ ಬೆಲೆ ಬಂತಲ್ಲ ಅನ್ನಿಸಿತು.

ನನ್ನನ್ನೇ ಕೇಳಲು ಕಾರಣ, ನಮ್ಮ ಸಂಘದ ಅಡುಗೆ ಸ್ಪರ್ಧೆಗೆ ನಾನು ಎರಡು ಸಲ ತೀರ್ಪುಗಾರನಾಗಿದ್ದೆ. (ಮೂರನೇ ಸಲ ಕರೆಯಲಿಲ್ಲ. ಹೆಂಡತಿಯ ಕಡುಬು ಇದ್ದ ಸುತ್ತಿನಲ್ಲಿ ಇನ್ನೊಬ್ಬರ ಕಡುಬಿಗೆ ಬಹುಮಾನ ಕೊಟ್ಟಿದ್ದೆ. ಆ ಮೇಲೆ ಅವರು ಕರೆದರೂ ನಾನೇ ಹೋಗುವ ಸ್ಥಿತಿಯಲ್ಲಿರಲಿಲ್ಲ.) ಇನ್ನೊಂದು ಕಾರಣ, ಮುಂಬಯಿ ಮಾಟುಂಗದ ಅಕ್ಕನ ಮನೆಯಲ್ಲಿ ಬಾಟಲಿ ತೆರೆಯುವುದಿರಲಿ, ಆ ಪದ ಉಚ್ಚರಿಸಿದರೂ ಅಕ್ಕ ಗಂಗಾಜಲ ಪ್ರೋಕ್ಷಣೆ ಮಾಡುತ್ತಾಳೆ. ಹಾಗಾಗಿ ಡೊಂಬಿವಲಿಯ ನಮ್ಮ ಫ್ಲ್ಯಾಟು ಗೊತ್ತಾಯಿತು. ಮೇ ತಿಂಗಳ ಒಂದು ಶುಕ್ರವಾರ ಸಂಜೆ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಅವನು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿತ್ತ. 750 ಎಂ.ಎಲ್., ದಪ್ಪ ಬಿರಡೆ, ಅದರ ಮೇಲೆ ತಂತಿಯ ಮುಖವಾಡ. "ಮಾವ, ಅಲುಗಾಡಿಸಬೇಡಿ. ನೆಟ್ಟಗೆ ನಿಲ್ಲಿಸಿ. ತಂಪಾಗಿರಲಿ."

ಸಂಜೆ ಏಳರ ಕಲ್ಯಾಣ್ ಫಾಸ್ಟ್ ಲೋಕಲ್ ರೈಲು ಹತ್ತುವವನಿಗೆ ಅಲುಗಾಡಿಸಬೇಡಿ ಅನ್ನುವುದು, ಅಕ್ಕಿ ಮಿಲ್ಲಿನೊಳಗೆ ನಿಂತು ಧ್ಯಾನ ಮಾಡು ಅಂದ ಹಾಗೆ. ಬ್ಯಾಗು ಎದೆಗವಚಿಕೊಂಡು ಹತ್ತಿದೆ. ಕುರ್ಲಾ ಬರುವಷ್ಟರಲ್ಲಿ ಎದೆ ಒಂದು ಕಡೆ, ಬ್ಯಾಗು ಒಂದು ಕಡೆ ಆಗಿತ್ತು. ಯಾರೋ ಪುಣ್ಯಾತ್ಮ ಅದನ್ನೆತ್ತಿ ಮೇಲಿನ ಕಂಬಿಯ ಮೇಲೆ ಒಗೆದ. ಠಾಣೆಯಲ್ಲಿ ಇಳಿಯುವವರ ನೂಕಾಟದಲ್ಲಿ ಅದು ನಾಲ್ಕು ತಲೆ ದಾಟಿ, ಮಲ್ಲಕಂಬದವನ ಹಾಗೆ ತಲೆಕೆಳಗಾಗಿ ನನ್ನ ಕೈಸೇರಿತು.

ಮನೆಯಲ್ಲಿ ಇನ್ನೊಂದು ತೊಡಕು. "ದೇವರ ನೈವೇದ್ಯದ ಹಾಲಿರುವ ಫ್ರಿಜ್ಜು ಅದು" ಅಂದಳು ಇವಳು. ಮಾತು ಮುಗಿಯಿತು. ಬಾತ್‌ರೂಮಿನ ಬಕೆಟ್ಟಿಗೆ ನೀರು ತುಂಬಿ ಅದರಲ್ಲಿ ಬಾಟಲಿ ಮುಳುಗಿಸಿದೆ. ಮೇ ತಿಂಗಳಲ್ಲಿ ತಾರಸಿ ಟ್ಯಾಂಕಿನಿಂದ ಬರುವ ನೀರಿನಲ್ಲಿ ಮೊಟ್ಟೆ ಬೇಯಿಸಬಹುದು ಅನ್ನುವುದು ಆಗ ಹೊಳೆಯಲಿಲ್ಲ.

ಮರುದಿನ ಸಂಜೆ ಅಳಿಯ ಬಂದ. ಪಕ್ಕದ ವಿಂಗಿನ ಶೆಟ್ರೂ ಬಂದರು. ಶೆಟ್ರು ಘಾಟ್‌ಕೋಪರಿನ ಬಾರೊಂದರ ಗಲ್ಲಾದಲ್ಲಿ ಜೀವಮಾನ ಕಳೆದವರು. ಕುಳಿತ ಕೂಡಲೇ ಅವರ ಮೊದಲ ಪ್ರಶ್ನೆ: "ನಿಮ್ಮಲ್ಲಿ ಪರ್ಮಿಟ್ ಉಂಟಾ ಮಾರಾಯ್ರೆ?" ಮಹಾರಾಷ್ಟ್ರದಲ್ಲಿ ಮಾರುವವನಿಗೆ ಲೈಸೆನ್ಸ್ ಇದ್ದರೆ ಸಾಲದು, ಕುಡಿಯುವವನಿಗೂ ಪರ್ಮಿಟ್ ಬೇಕು. 1949ರ ಪಾನನಿರೋಧ ಕಾಯ್ದೆಯ ಉಳಿಕೆ ಅದು. ಬಾರಿನ ಬೋರ್ಡುಗಳಲ್ಲಿ 'ಪರ್ಮಿಟ್ ರೂಮ್' ಅಂತ ಇರುವುದೂ ಅದಕ್ಕೇ. ಶೆಟ್ರ ಜೇಬಿನಲ್ಲಿ ಆಜೀವ ಪರ್ಮಿಟ್ಟು, ಲ್ಯಾಮಿನೇಟ್ ಮಾಡಿಸಿದ್ದು. ನನ್ನ ಹತ್ತಿರ ರೇಲ್ವೆ ಪಾಸ್ ಮಾತ್ರ ಇತ್ತು. ಎದ್ದು ಹೋಗಿ ಕಿಟಕಿಯ ಪರದೆ ಎಳೆದೆ.

ಅಳಿಯ ತಂತಿ ಬಿಚ್ಚುತ್ತ ಪಾಠ ಶುರುಮಾಡಿದ. ಬೆಲ್ಜಿಯಮ್ಮಿನ ದಕ್ಷಿಣದಲ್ಲಿ ವಾಲೋನಿಯಾ ಅಂತ ಸೀಮೆ. ಅಲ್ಲಿನ ರೈತರು ಚಳಿಗಾಲದಲ್ಲಿ ಬಿಯರ್ ಮಾಡಿಟ್ಟು ಬೇಸಿಗೆಯಲ್ಲಿ ಹೊಲದ ಆಳುಗಳಿಗೆ ಕೊಡುತ್ತಿದ್ದರಂತೆ. ಹೆಸರೇ 'ಸೇಸಾನ್', ಅಂದರೆ ಹಂಗಾಮು. ಹುರಿದ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಹಾಕಿದರೆ ಕಪ್ಪು. ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಸೇರಿದರೆ ಹುಳಿ. ನಮ್ಮ ಮೊಸರಿನ ಬಳಗವೇ ಅದು. ಇನ್ನೊಂದು, ಬ್ರೆಟಾನೊಮೈಸೀಸ್ ಅನ್ನುವ ಕಾಡು ಯೀಸ್ಟ್, ಚಿಕ್ಕದಾಗಿ ಬ್ರೆಟ್. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಎಂಬಾತ ಇಂಗ್ಲಿಷರ ಹಳೇ ಬಿಯರಿನಲ್ಲಿ ಇದನ್ನು ಕಂಡು 'ಬ್ರಿಟಿಷ್ ಶಿಲೀಂಧ್ರ' ಅಂತ ಹೆಸರಿಟ್ಟನಂತೆ. "ಮಾಮೂಲಿ ಯೀಸ್ಟ್ ತಿನ್ನಲಾರದೆ ಬಿಟ್ಟ ಸಕ್ಕರೆಯನ್ನೂ ಇದು ತಿಂಗಳುಗಟ್ಟಲೆ ಕೂತು ತಿನ್ನುತ್ತೆ ಮಾವ. ಬಾಟಲಿಯೊಳಗೆ ಈಗಲೂ ಜೀವಂತ ಇದೆ. ಅದಕ್ಕೇ ಗ್ಯಾಸ್ ಜಾಸ್ತಿ. ನೆಟ್ಟಗೆ ನಿಲ್ಲಿಸಿಟ್ಟಿದ್ರಿ ತಾನೇ?"

"ಮಲಗಿಸಿದ್ದೆ" ಅಂದೆ.

ಬಿರಡೆ ಅವನ ಕೈ ಕಾಯಲಿಲ್ಲ. ಢಂ ಅಂತ ಹೋಗಿ ಟ್ಯೂಬ್‌ಲೈಟಿನ ಪಕ್ಕ ಬಡಿಯಿತು. ಹಿಂದೆಯೇ ಕಪ್ಪು ಕಾರಂಜಿ ಎದ್ದು ಸೀಲಿಂಗಿಗೆ ಹೊಡೆದು ಅಲ್ಲೇ ಹರಡಿತು. ಕೆಳಗಿಳಿದದ್ದನ್ನು ಫ್ಯಾನು ತೆಗೆದುಕೊಂಡಿತು. ಫ್ಯಾನು ಐದರಲ್ಲಿತ್ತು. ಸೋಫಾ, ಶೆಟ್ರ ಬಿಳಿ ಅಂಗಿ, ಗೋಡೆಯ ಪಂಚಾಂಗ, ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಇವಳು, ಯಾರಿಗೂ ಹೆಚ್ಚುಕಡಿಮೆ ಮಾಡದೆ ಹಂಚಿತು. ಇವಳು ಮಾತಾಡಲಿಲ್ಲ. ಕೆನ್ನೆ ಒರೆಸಿಕೊಂಡು ಬೆರಳು ಮೂಸಿ ನೋಡಿದಳು. "ಹಿಟ್ಟು ಉಕ್ಕಿದ ಹಾಗೇ ಆಯ್ತಲ್ಲ" ಅಂತ ಒಳಗೆ ಹೋದಳು. ಆ ವಾರವಷ್ಟೇ ಸೆಖೆಗೆ ದೋಸೆಹಿಟ್ಟು ಪಾತ್ರೆ ದಾಟಿ ಕಟ್ಟೆಯಿಂದಿಳಿದು ಗ್ಯಾಸ್ ಸಿಲಿಂಡರಿನ ತನಕ ನಡೆದುಹೋಗಿತ್ತು.

ಬಾಟಲಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಉಳಿಯಿತು. ಅಳಿಯ ಅಂಕಪಟ್ಟಿ ಹೊರತೆಗೆದ. ವಿದೇಶದ ತೀರ್ಪುಗಾರರ ಲೆಕ್ಕ: ಒಟ್ಟು 50. ವಾಸನೆಗೆ 12, ರುಚಿಗೆ 20, ಬಾಯಿಯಲ್ಲಿ ಹೇಗಿದೆ ಅನ್ನುವುದಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಮೂರೇ ಮೂರು. ದಿನಾ ಕನ್ನಡಿಯೆದುರು ಗಡ್ಡ ಹೆರೆದುಕೊಳ್ಳುವವನಾಗಿ ನನಗೆ ಇದು ಬಹಳ ನ್ಯಾಯವೆನಿಸಿತು. ಗಾಜಿನ ಲೋಟದಲ್ಲಿ ಅದು ಪುನರ್ಪುಳಿ ಸಾರಿಗೆ ಕಾಫಿ ಡಿಕಾಕ್ಷನ್ ಸುರಿದ ಹಾಗಿತ್ತು, ಮೇಲೆ ಕಂದು ನೊರೆ. ಎರಡು ಕೊಟ್ಟೆ.

ವಾಸನೆಯ ಕಾಲಮ್ಮಿನಲ್ಲಿ ಸಿಕ್ಕಿಬಿದ್ದೆವು. ಬ್ರೆಟ್ ಇದ್ದರೆ ಚರ್ಮದ ವಾಸನೆ, ಕೊಟ್ಟಿಗೆಯ ವಾಸನೆ, ಕುದುರೆಯ ಕಂಬಳಿಯ ವಾಸನೆ ಇವೆಲ್ಲ ಬರಬಹುದಂತೆ. ಹದದಲ್ಲಿ ಬಂದರೆ ಅದೇ ಹೆಗ್ಗಳಿಕೆ! "ಇದೆಯಾ ಮಾವ?" ಅಂತ ಅಳಿಯ ಕೇಳಿದ. ಅವನು ಕುದುರೆಯನ್ನು ನೋಡಿದ್ದು ಮದುವೆಯ ಬಾರಾತಿನಲ್ಲಿ ಮಾತ್ರ. ಶೆಟ್ರಿಗೆ ಕುದುರೆ ಅಂದರೆ ಮಹಾಲಕ್ಷ್ಮಿ ರೇಸು, ಅದೂ ಪುಸ್ತಕದಲ್ಲಿ. ಆ ಕೋಣೆಯಲ್ಲಿ ಅಧಿಕಾರವಾಣಿಯಿಂದ ಹೇಳಬಲ್ಲವನು ನಾನೊಬ್ಬನೇ. ಒಮ್ಮೆ ಜುಲೈ ಮಳೆಯಲ್ಲಿ ಮಾಥೇರಾನಿಗೆ ಹೋಗಿದ್ದೆವು. ಆಗ ಆ ಗಿರಿಧಾಮದಲ್ಲಿ ದಸ್ತೂರಿ ನಾಕೆಯಿಂದಾಚೆ ಮೋಟಾರು ವಾಹನ ಬಿಡುತ್ತಿರಲಿಲ್ಲ. ನಡೆಯಲಾರದೆ ಕುದುರೆ ಹತ್ತಿದೆವು. ನನ್ನದು ಮುದಿಗುದುರೆ. ಕೆಂಪು ಕೆಸರಿನಲ್ಲಿ ಅದು ಜಾರಿದಾಗಲೆಲ್ಲ ನಾನು ಮುಂದಕ್ಕೆ ಬಗ್ಗಿ ಅದರ ಕುತ್ತಿಗೆ ತಬ್ಬಿ, ನೆನೆದ ಕಂಬಳಿಯೊಳಗೆ ಮೂಗು ಹೂತುಕೊಂಡೇ ಊರು ಸೇರಿದ್ದೆ. ಲೋಟ ಮೂಗಿಗೆ ಹಿಡಿದೆ. ಅದೇ ಕುದುರೆ! ಹನ್ನೆರಡಕ್ಕೆ ಹತ್ತು ಕೊಟ್ಟೆ. ಎರಡು ಕಳೆದದ್ದು, ಕಂಬಳಿ ಅಷ್ಟು ನೆನೆದಿರಲಿಲ್ಲ ಅಂತ.

ಇನ್ನು ರುಚಿ. ಅಳಿಯ ಪಟ್ಟಿಯಿಂದ ಇಂಗ್ಲಿಷ್ ಪದಗಳನ್ನು ಓದುತ್ತಿದ್ದರೆ ನನಗೆ ಒಳಗೊಳಗೇ ಹೆಮ್ಮೆ. ಇದಕ್ಕೆಲ್ಲ ಅಮ್ಮನ ಅಡುಗೆಮನೆಯಲ್ಲಿ ಯಾವತ್ತೋ ಪದ ಇತ್ತಲ್ಲ! ನಾಲಗೆ ಹಿಡಿಯುವುದು ಒಗರು. ಹಳೇ ಎಣ್ಣೆಯದ್ದು ಕಮಟು. ಮಳೆಗಾಲದ ಬೀರುವಿನದ್ದು ಮುಗ್ಗಲು. ಮೂಗಿಗೆ ಏರುವುದು ಘಾಟು. ತಳ ಹಿಡಿದದ್ದು ಸೀದದ್ದು. ಇನ್ನು, ಹುಳಿ ಬಂದದ್ದು ಬೇರೆ, ಹಳಸಿದ್ದು ಬೇರೆ. ಮೊದಲನೆಯದನ್ನು ಕುದಿಸಿ ಗಂಡನಿಗೆ ಬಡಿಸಬಹುದು, ಎರಡನೆಯದನ್ನು ಚೆಲ್ಲಬೇಕು. ಇಷ್ಟು ಸೂಕ್ಷ್ಮ ಬೆಲ್ಜಿಯಮ್ಮಿನವರಿಗೆ ಇದೆಯೋ ಇಲ್ಲವೋ. ನಾನು ಬರೆದೆ: 'ಹುಳಿ ಬಂದಿದೆ, ಹಳಸಿಲ್ಲ. ಕೊನೆಗೆ ಒಗರು. ತುಸು ಸೀದಿದೆ. ಚಿಟಿಕೆ ಉಪ್ಪು, ಇಂಗಿನ ಒಗ್ಗರಣೆ ಬಿದ್ದಿದ್ದರೆ ಅನ್ನಕ್ಕೆ ಆಗುತ್ತಿತ್ತು.' ಇಪ್ಪತ್ತಕ್ಕೆ ಹದಿನಾಲ್ಕು. ಬಾಯಿಗೆ ನಾಲ್ಕು, ಅಭಿಪ್ರಾಯಕ್ಕೆ ಏಳು. ಒಟ್ಟು 37.

ಶೆಟ್ರು ಪಟ್ಟಿ ಮುಟ್ಟಲಿಲ್ಲ. ಲೋಟ ಖಾಲಿ ಮಾಡಿ ಮೀಸೆ ಒರೆಸಿಕೊಂಡರು. "ಇದು ಕಳ್ಳು ಮಾರಾಯ್ರೆ. ಬೆಳಿಗ್ಗೆ ಇಳಿಸಿದ್ದನ್ನು ಸಂಜೆ ಕುಡಿದ ಹಾಗೆ ಉಂಟು. ಅಂಕ ಎಲ್ಲ ಎಂತಕ್ಕೆ? ಗಿರಾಕಿ ಇನ್ನೊಂದು ಕೇಳ್ತಾನಾ ಇಲ್ವಾ, ಅಷ್ಟೇ ಲೆಕ್ಕ."

"ನಿಮಗೆ ಇನ್ನೊಂದು ಹಾಕಲಾ ಶೆಟ್ರೇ?"

"ಬೇಡ."

ಮೂರು ದಿನ ಮನೆ ಒರೆಸಿದೆವು. ಸೀಲಿಂಗಿಗೆ ಮಾತ್ರ ಕೈ ಎಟುಕಲಿಲ್ಲ. ಅಲ್ಲೊಂದು ಕಂದು ಕಲೆ, ಅಂಚೆಲ್ಲ ಕಪ್ಪಾಗಿ, ಸುಮಾರು ಆಫ್ರಿಕಾದ ಆಕಾರದಲ್ಲಿ ಉಳಿಯಿತು.

ನಮ್ಮದು ಕೊನೇ ಮಹಡಿ. ತಾರಸಿ ಸೋರುತ್ತದೆ ಅಂತ ನಾನು ಸೊಸೈಟಿಗೆ ನಾಲ್ಕು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಪ್ರತಿ ಮಳೆಗಾಲ ಸೆಕ್ರೆಟರಿ ಬಂದು, ಮಲಗುವ ಕೋಣೆಯ ನಿಜವಾದ ತೇವವನ್ನು ಮುಟ್ಟಿ ನೋಡಿ, "ಹವಾ ತಂಪಿದೆಯಲ್ಲ, ಅದಕ್ಕೆ" ಅಂತ ಹೋಗುತ್ತಿದ್ದರು. ಈ ಜೂನಿನಲ್ಲೂ ಬಂದರು. ಹಾಲ್‌ನಲ್ಲಿ ಕೂತು ಚಹಾ ಕುಡಿಯುತ್ತ ತಲೆಯೆತ್ತಿದರು. ಕಪ್ ಕೆಳಗಿಟ್ಟರು. "ಅರೇ ಬಾಪ್ ರೇ!" ಮಧ್ಯಾಹ್ನವೇ ಕಂಟ್ರಾಕ್ಟರ್ ಏಣಿ ಸಮೇತ ಹಾಜರು. ಅವನು ಹತ್ತಿ, ಕಲೆಯನ್ನು ಉಗುರಿನಿಂದ ಕೆರೆದು ಮೂಸಿದ. "ಬಹಳ ಹಳೇ ಲೀಕೇಜು ಸಾಹೇಬ್, ಒಳಗೆ ಕೊಳೆತುಹೋಗಿದೆ" ಅಂದ. ಇವಳು ನನ್ನ ಕಡೆ ನೋಡಿದಳು. ನಾನು ಕ್ಯಾಲೆಂಡರ್ ಕಡೆ ನೋಡಿದೆ. ಪರ್ಮಿಟ್ ಇಲ್ಲದವನು ಬಾಯಿ ಬಿಡುವುದು ಹೇಗೆ?

ಭಾನುವಾರದ ತುರ್ತು ಸಭೆಯಲ್ಲಿ ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್ ಪಾಸಾಯಿತು. ವಿರೋಧಿಸಿದವರು ಯಾರೂ ಇಲ್ಲ. ಶೆಟ್ರು ಎಲ್ಲರಿಗಿಂತ ಮೊದಲು ಕೈಯೆತ್ತಿದರು.

ರಾತ್ರಿ ಅಳಿಯನಿಗೆ ಫೋನ್ ಮಾಡಿ, ಪಟ್ಟಿಯಲ್ಲೊಂದು ತಿದ್ದುಪಡಿ ಇದೆ ಅಂದೆ.

"ಯಾವುದಕ್ಕೆ ಮಾವ? ರುಚಿಗಾ?"

"ಅಲ್ಲ, ನೋಟಕ್ಕೆ. ಮೂರಕ್ಕೆ ಮೂರು ಹಾಕು."