ಬ್ಲ್ಯಾಕ್ ಹಿಲ್ಸ್ ದುಡ್ಡು: ಲಕೋಟಾ ಜನ ತೆಗೆದುಕೊಳ್ಳಬೇಕೇ, ಬೇಡವೇ?

ಅಮೆರಿಕದ ಸರ್ಕಾರಿ ಖಜಾನೆಯಲ್ಲಿ ಒಂದು ದೊಡ್ಡ ಗಂಟು ಬಿದ್ದಿದೆ. ಬಡ್ಡಿ ಬೆಳೆದು ನೂರು ಕೋಟಿ ಡಾಲರ್ ದಾಟಿ ಎಷ್ಟೋ ವರ್ಷವಾಯಿತು. ವಾರಸುದಾರರು ಯಾರೆಂದು ಎಲ್ಲರಿಗೂ ಗೊತ್ತು: ಲಕೋಟಾ ಜನ ಮತ್ತು ಅವರ ಸೋದರ ಬುಡಕಟ್ಟುಗಳು. ಕಡತಗಳಲ್ಲಿ ಇವರಿಗೆಲ್ಲ ‘ಸೂ’ ಅಂತ ಹೆಸರು. 1980ರಿಂದ ಇಲ್ಲಿಯವರೆಗೆ ಅವರು ಅದನ್ನು ಮುಟ್ಟಿಲ್ಲ.

1868ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ, ಇಂದಿನ ಸೌತ್ ಡಕೋಟಾದಲ್ಲಿ ಮಿಸೌರಿ ನದಿಯ ಪಶ್ಚಿಮಕ್ಕಿರುವ ನೆಲವೆಲ್ಲ ಇವರದು ಎಂದು ಸರ್ಕಾರವೇ ಬರೆದುಕೊಟ್ಟಿತ್ತು. ಬ್ಲ್ಯಾಕ್ ಹಿಲ್ಸ್ ಎಂಬ ಬೆಟ್ಟಸಾಲು ಅದರೊಳಗಿತ್ತು. 1874ರಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಸೈನ್ಯ ಬೆಟ್ಟ ಹೊಕ್ಕು, ಚಿನ್ನ ಇದೆ ಎಂಬ ಸುದ್ದಿ ತಂದಿತು. ಜನ ನುಗ್ಗಿದರು. ಮರುವರ್ಷ ಸರ್ಕಾರ 60 ಲಕ್ಷ ಡಾಲರ್‌ಗೆ ಬೆಟ್ಟ ಕೇಳಿತು, ಲಕೋಟಾಗಳು ಒಪ್ಪಲಿಲ್ಲ. 1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್‌ ಕಾಳಗದಲ್ಲಿ, ಲಕೋಟಾಗಳ ಎದುರು, ಕಸ್ಟರ್ ಸತ್ತ. 1877ರಲ್ಲಿ ಒಂದು ಕಾನೂನು ಮಾಡಿ ಬೆಟ್ಟ ಕಿತ್ತುಕೊಂಡರು. 1980ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ತೀರ್ಪು ಕೊಟ್ಟಿತು: ತಕ್ಕ ಪರಿಹಾರ ಕೊಡದೆ ಕಿತ್ತುಕೊಂಡದ್ದು ತಪ್ಪು, ಈಗ ಕೊಡಿ.

ಎರಡೂ ಕಡೆ ನಿಂತು ಬರೆಯಲು ನೋಡಿದ್ದೇನೆ. ಒಂದು ಕಡೆ ಉದ್ದವಾಯಿತು, ಮುಚ್ಚಿಡುವುದಿಲ್ಲ.

ಪರ: ತೆಗೆದುಕೊಳ್ಳಲಿ

ಕೋರ್ಟಿನ ಬಾಗಿಲು ಮುಚ್ಚಿ ಆಗಿದೆ. ಇದನ್ನು ಮೊದಲು ಒಪ್ಪಿಕೊಳ್ಳಬೇಕು. ತೀರ್ಪು ಬಂದ ವರ್ಷವೇ ಲಕೋಟಾಗಳದೇ ಒಂದು ಪಂಗಡವಾದ ಓಗ್ಲಾಲಾ ಬುಡಕಟ್ಟು ‘ದುಡ್ಡಲ್ಲ, ನೆಲ ಕೊಡಿ’ ಎಂದು ಬೇರೆ ದಾವೆ ಹೂಡಿತ್ತು. ಅದು ವಜಾ ಆಯಿತು. ಮೇಲ್ಮನವಿಯೂ ನಿಲ್ಲಲಿಲ್ಲ. ಆಮೇಲೆ ಸೆನೆಟರ್ ಬಿಲ್ ಬ್ರಾಡ್ಲಿ ಸುಮಾರು 13 ಲಕ್ಷ ಎಕರೆ ಸರ್ಕಾರಿ ನೆಲ ವಾಪಸ್ ಕೊಡುವ ಮಸೂದೆ ತಂದರು. 1985ರಲ್ಲಿ ಒಮ್ಮೆ, 1987ರಲ್ಲಿ ಮತ್ತೊಮ್ಮೆ. ಎರಡೂ ಸಲ ಬಿದ್ದುಹೋಯಿತು. ಇನ್ನು ಯಾರನ್ನು ಕಾಯುವುದು?

ಇತ್ತ ಈ ಓಗ್ಲಾಲಾಗಳ ಪೈನ್ ರಿಡ್ಜ್ ಮೀಸಲು ಪ್ರದೇಶ ನೋಡಿ. ಅದು ಇರುವ ಓಗ್ಲಾಲಾ ಲಕೋಟಾ ಕೌಂಟಿ ಇಡೀ ಅಮೆರಿಕದ ಕಡುಬಡ ಕೌಂಟಿಗಳಲ್ಲಿ ಒಂದು. ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ. ಅಲ್ಲಿನ ಚಳಿಗಾಲ ಸುಮ್ನೆ ಮಾತಲ್ಲ. ಮನೆ ರಿಪೇರಿಗೆ, ಆಸ್ಪತ್ರೆಗೆ, ಮಕ್ಕಳ ಓದಿಗೆ ಆಗುವ ದುಡ್ಡು ಖಜಾನೆಯಲ್ಲಿ ಕೊಳೆಯುತ್ತಿದೆ. ‘ಬೇಡ’ ಎಂದು ಹೇಳುವ ಹಕ್ಕು ಹಿರಿಯರಿಗೆ ಇತ್ತು, ಸರಿ. ಆ ಹಟದ ಬೆಲೆ ಮಾತ್ರ ಮೊಮ್ಮಕ್ಕಳು ತೆರುತ್ತಿದ್ದಾರೆ.

ದುಡ್ಡಿದ್ದರೆ ನೆಲವನ್ನೇ ಕೊಳ್ಳಬಹುದು ಅಲ್ವಾ? ಇದು ಬರೀ ಊಹೆಯಲ್ಲ. 2012ರಲ್ಲಿ ಬೆಟ್ಟಗಳ ನಡುವಿನ ಪೇ ಸ್ಲಾ ಎಂಬ ಪವಿತ್ರ ಬಯಲು ಮಾರಾಟಕ್ಕೆ ಬಂತು. ಕೆಲವು ಬುಡಕಟ್ಟುಗಳು ಚಂದಾ ಎತ್ತಿ, ಸುಮಾರು 1,900 ಎಕರೆಯನ್ನು 90 ಲಕ್ಷ ಡಾಲರ್‌ಗೆ ಕೊಂಡುಕೊಂಡವು. ಆಗ ಕೈಯಲ್ಲಿ ಆ ಗಂಟು ಇದ್ದಿದ್ದರೆ ಚಂದಾ ಎತ್ತುವ ಪಾಡು ಇರುತ್ತಿರಲಿಲ್ಲ.

ವಿರೋಧ: ಬೇಡ

ಪೇ ಸ್ಲಾ ಕಥೆ ಕೇಳಲು ಚೆನ್ನಾಗಿದೆ. ಆದರೆ ಅದು ಮಾರಾಟಕ್ಕೆ ಬಂದದ್ದು ಖಾಸಗಿ ಜಮೀನಾಗಿದ್ದರಿಂದ. ಬ್ಲ್ಯಾಕ್ ಹಿಲ್ಸ್‌ನ ಬಹುಪಾಲು ರಾಷ್ಟ್ರೀಯ ಅರಣ್ಯ, 12 ಲಕ್ಷ ಎಕರೆಗೂ ಜಾಸ್ತಿ. ಅದು ಸರ್ಕಾರದ್ದು. ಅದಕ್ಕೆ ಬೋರ್ಡು ಹಾಕಿ ಯಾರೂ ಮಾರುವುದಿಲ್ಲ. ಹಾಗಾಗಿ ಎಷ್ಟು ದುಡ್ಡು ಹಿಡಿದುಕೊಂಡು ಹೋದರೂ ಮುಖ್ಯವಾದ ನೆಲ ಸಿಗುವುದಿಲ್ಲ. ವಾಪಸ್ ಕೊಡುವುದಾದರೆ ಯಾರನ್ನೂ ಒಕ್ಕಲೆಬ್ಬಿಸಬೇಕಾಗಿಲ್ಲ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಬ್ರಾಡ್ಲಿ ಮಸೂದೆ ಖಾಸಗಿ ಮನೆ, ಜಮೀನು ಯಾವುದನ್ನೂ ಮುಟ್ಟಿರಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಬೆಟ್ಟಕ್ಕೆ ಕಟ್ಟಿದ ಬೆಲೆ 1.71 ಕೋಟಿ ಡಾಲರ್. ಅದು 1877ರ ಬೆಲೆ. ಅದರ ಮೇಲೆ 1980ರವರೆಗೆ ಶೇಕಡಾ 5ರ ಬಡ್ಡಿ ಸೇರಿಸಿ ಸುಮಾರು 10.5 ಕೋಟಿ ಮಾಡಿದರು. ಸರಳ ಬಡ್ಡಿ! ನಾನೇ ಕೂತು ಲೆಕ್ಕ ಹಾಕಿದೆ. ಅದೇ ದರದಲ್ಲಿ 103 ವರ್ಷ ಚಕ್ರಬಡ್ಡಿ ಹಾಕಿದ್ದರೆ 1980ರಲ್ಲೇ 260 ಕೋಟಿ ಡಾಲರ್ ಆಗುತ್ತಿತ್ತು. ಇತ್ತ ಹೋಮ್‌ಸ್ಟೇಕ್ ಎಂಬ ಒಂದೇ ಒಂದು ಗಣಿ 2002ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿಂದ ಸುಮಾರು 4 ಕೋಟಿ ಔನ್ಸ್ ಚಿನ್ನ ತೆಗೆದಿತ್ತು. ಖಜಾನೆಯಲ್ಲಿರುವ ಗಂಟನ್ನು ಲಕ್ಷಕ್ಕೂ ಹೆಚ್ಚು ಜನರಿಗೆ ಹಂಚಿದರೆ ತಲೆಗೊಂದು ಹಳೇ ಕಾರು ಬಂದೀತು. ನಾಲ್ಕು ವರ್ಷದಲ್ಲಿ ಅದೂ ಗುಜರಿಗೆ.

ಲೆಕ್ಕ ಸರಿಯಿದ್ದಿದ್ದರೂ ಬೇಡ ಎನ್ನಲು ಕಾರಣವಿದೆ. 1868ರ ಒಪ್ಪಂದದ 12ನೇ ಕಲಮು ಓದಿ. ವಯಸ್ಸಿಗೆ ಬಂದ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಸಹಿ ಹಾಕದೆ ನೆಲ ಬಿಟ್ಟುಕೊಡುವ ಯಾವ ಕರಾರೂ ಊರ್ಜಿತವಲ್ಲ ಎಂದಿದೆ. 1876ರಲ್ಲಿ ಏನು ಮಾಡಿದರು? ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತು ಕಾಂಗ್ರೆಸ್ ಒಂದು ಷರತ್ತು ಹಾಕಿತು: ಬೆಟ್ಟ ಬಿಟ್ಟುಕೊಡದಿದ್ದರೆ ರೇಷನ್ ಇಲ್ಲ. ಜನರಿಂದ ಬೇಟೆಯನ್ನು ಕಿತ್ತುಕೊಂಡಾಗಿತ್ತು. ಕುದುರೆ, ಬಂದೂಕುಗಳನ್ನೂ ಕಸಿಯುತ್ತಿದ್ದರು. ಹಿಟ್ಟು, ಮಾಂಸಕ್ಕೆ ಸರ್ಕಾರದ ಉಗ್ರಾಣವೇ ಗತಿ. ಅಂಥ ಹೊತ್ತಿನಲ್ಲಿ, ಹಸಿದ ಮಕ್ಕಳನ್ನು ಮುಂದಿಟ್ಟುಕೊಂಡೂ, ಸಹಿ ಸಿಕ್ಕಿದ್ದು ನೂರಕ್ಕೆ ಹತ್ತು ಜನರದ್ದು ಮಾತ್ರ. ಉಳಿದ ತೊಂಬತ್ತು ಜನ ಹಸಿವಲ್ಲೂ ಹಾಕದ ಸಹಿಯನ್ನು ಈಗ ಚೆಕ್ಕಿನ ಹಿಂಬದಿಯಲ್ಲಿ ಹಾಕಿ ಅಂತ ಕೇಳುತ್ತಿದ್ದಾರೆ. ನನಗೆ ಇಲ್ಲಿ ಬೇರೆ ಏನೂ ಕಾಣುವುದಿಲ್ಲ.

ಕೆಲವರು ಇನ್ನೊಂದು ಮಾತು ಎತ್ತುತ್ತಾರೆ. ಲಕೋಟಾಗಳೂ ಆ ಬೆಟ್ಟಕ್ಕೆ ಮೂಲದವರಲ್ಲ, ಪೂರ್ವದಿಂದ ಬಂದು ಬೇರೆ ಬುಡಕಟ್ಟುಗಳನ್ನು ತಳ್ಳಿದವರು ಅಂತ. ನಿಜ. ಆದರೆ ಜಗಳ ಇರುವುದು ಮೊದಲು ಬಂದವರು ಯಾರೆಂಬುದರ ಮೇಲಲ್ಲ. ಬರೆದುಕೊಟ್ಟ ಕಾಗದವನ್ನು 9 ವರ್ಷದಲ್ಲಿ ಹರಿದವರು ಯಾರೆಂಬುದರ ಮೇಲೆ.

ಬಡತನದ ಮಾತಿಗೆ ಸುಲಭದ ಉತ್ತರ ನನ್ನಲ್ಲಿಲ್ಲ. ಪೈನ್ ರಿಡ್ಜ್‌ನ ಚಳಿ ನನಗೆ ತಟ್ಟುವುದಿಲ್ಲ, ಹಾಗಾಗಿ ಬೇಡ ಎನ್ನುವುದು ನನಗೆ ಸುಲಭ. ಆದರೆ ‘ಬೇಡ’ ಎನ್ನುತ್ತಿರುವುದು ನಾನಲ್ಲವಲ್ಲ. ಆ ಚಳಿಯಲ್ಲೇ ಇರುವ ಜನ, ನಲವತ್ತು ವರ್ಷ ದಾಟಿದರೂ, ‘ಬೆಟ್ಟ ಮಾರಾಟಕ್ಕಿಲ್ಲ’ ಎನ್ನುತ್ತಿದ್ದಾರೆ.

ಕಾದು ಏನು ಬಂತು ಎಂದು ಕೇಳುವವರು ನ್ಯೂ ಮೆಕ್ಸಿಕೊ ಕಡೆ ನೋಡಬಹುದು. ಟಾವೋಸ್ ಪ್ವೆಬ್ಲೊ ಜನರ ಪವಿತ್ರ ಬ್ಲೂ ಲೇಕ್ ಸರೋವರವನ್ನು ಸರ್ಕಾರ 1906ರಲ್ಲಿ ಅರಣ್ಯಕ್ಕೆ ಸೇರಿಸಿಕೊಂಡಿತ್ತು. ಹಣದ ಮಾತು ಬಂದಾಗ ಅವರೂ ‘ಸರೋವರವೇ ಬೇಕು’ ಎಂದು ಹಟ ಹಿಡಿದರು. ಆಗಲೂ ಜನ ಆಗದ ಮಾತು ಅಂದಿದ್ದರು. 1970ರಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿ 48,000 ಎಕರೆ ವಾಪಸ್ ಕೊಟ್ಟರು. ಅದೂ ರಾಷ್ಟ್ರೀಯ ಅರಣ್ಯದ ನೆಲವೇ.